ಆನೆಗೊಂದಿಯಲ್ಲಿ ಹೊಳೆ ದಾಟಿದ್ದು

ಆನೆಗೊಂದಿಯಲ್ಲಿ ತುಂಗಭದ್ರಾ ಹೊಳೆಗೆ ಇಳಿಯುವವರು ಎರಡು ಥರ. ಕೆಲವರು ನಡುಗಡ್ಡೆಗೆ ಹೋಗುವವರು, ಒಂಬತ್ತು ಮಾಧ್ವ ಯತಿಗಳ ಸಮಾಧಿ ಇರುವ ನವವೃಂದಾವನಕ್ಕೆ. ಕೈಯಲ್ಲಿ ಮಡಿ ಪಂಚೆ, ತುಳಸಿ, ಹೂವಿನ ಪೊಟ್ಟಣ. ಉಳಿದವರು ಆಚೆ ದಡದ ತಳವಾರಘಟ್ಟಕ್ಕೆ, ಅಂದರೆ ಹಂಪಿ ಕಡೆಗೆ ಹೋಗುವವರು. ಅವರ ಜೊತೆ ಬೈಕು ಇರುತ್ತದೆ, ಚೀಲ ಇರುತ್ತದೆ, ಒಮ್ಮೊಮ್ಮೆ ಕೋಳಿನೂ ಇರುತ್ತದೆ. ಎರಡನ್ನೂ ಒಂದೇ ದಿನ ಮುಗಿಸಬೇಕು ಅಂತ ನಮ್ಮ ಮೌಶಿ ಹಟ ಹಿಡಿದಿದ್ದಳು.

ಮೌಶಿ ಇರೋದು ರಾಯಚೂರಲ್ಲಿ. ಮಂತ್ರಾಲಯ ಅವಳಿಗೆ ಹತ್ತಿರ. ಗುರುವಾರ ಬಿಡುವು ಸಿಕ್ಕರೆ ಸಾಕು, ಬಸ್ಸು ಹತ್ತಿಬಿಡುತ್ತಾಳೆ. ಆದರೆ ರಾಯರ ಗುರುಗಳಾದ ಸುಧೀಂದ್ರತೀರ್ಥರ ವೃಂದಾವನ ಇರೋದು ಆನೆಗೊಂದಿಯ ಗಡ್ಡೆಯಲ್ಲಿ. "ಶಿಷ್ಯರ ಹತ್ರ ಇಷ್ಟು ಸಲ ಹೋಗೀನಿ, ಗುರುಗಳ ಕಡೆ ಒಮ್ಮೆನೂ ಹೋಗಿಲ್ಲ ಅಂದ್ರ ಹೆಂಗೋ?" ಅಂತ ಫೋನಿನಲ್ಲೇ ಶುರು ಮಾಡಿದ್ದಳು. ಹಿಂದಿನ ದಿನವೇ ಗಂಗಾವತಿಗೆ ಬಂದು ನಮ್ಮ ಮನೆಯಲ್ಲಿ ಉಳಿದಳು. ಬೆಳಗ್ಗೆ ಆಟೋ ಹಿಡಿದು ಹೊರಟೆವು.

ಭತ್ತದ ಕೊಯ್ಲಿನ ಕಾಲ. ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ದಾರಿ ಅರ್ಧ ರಸ್ತೆ, ಅರ್ಧ ಕಣ. ಡಾಂಬರಿನ ಮೇಲೇ ಭತ್ತ ಹರವಿ, ಅಂಚಿಗೆ ಕಲ್ಲು ಜೋಡಿಸಿಬಿಡುತ್ತಾರೆ. ಎದುರಿಗೆ ಲಾರಿ ಬಂದರೆ ಕಲ್ಲು ನೋಡಬೇಕೋ ಲಾರಿ ನೋಡಬೇಕೋ ಗೊತ್ತಾಗೋದಿಲ್ಲ. ನಮ್ಮ ಆಟೋದವನು ಭತ್ತದ ಮೇಲೆ ಗಾಲಿ ಹತ್ತಿಸಲಿಲ್ಲ, ಅದನ್ನು ಹೇಳಲೇಬೇಕು. ಕಡೆಬಾಗಿಲು ದಾಟಿದ ಮೇಲೆ ಗದ್ದೆ ಕಡಿಮೆಯಾಗಿ ಬಂಡೆ ಜಾಸ್ತಿಯಾಗುತ್ತವೆ. ಬಂಡೆ ಮೇಲೆ ಬಂಡೆ, ಅದರ ಸಂದಿಯಲ್ಲಿ ಕೋಟೆ ಗೋಡೆ, ಗೋಡೆ ಮುಗಿದಲ್ಲಿ ಬಾಳೆ ತೋಟ.

ಆನೆಗೊಂದಿ ಈಗ ಸಣ್ಣ ಊರು. ವಿಜಯನಗರಕ್ಕಿಂತ ಮೊದಲೇ ರಾಜಧಾನಿ ಆಗಿದ್ದ ಊರು ಅಂತ ಹೇಳಿದರೆ ಮೌಶಿ ಅತ್ತಿತ್ತ ನೋಡಿ "ಹೌದಾ?" ಅಂದಳು. ಗಗನಮಹಲು, ರಂಗನಾಥನ ಗುಡಿ ಎಲ್ಲ ಒಂದೇ ಕಡೆ. ಅಲ್ಲೇ ಬಾಳೆ ನಾರಿನ ಚೀಲ, ಚಾಪೆ ಮಾಡುವ ಹೆಂಗಸರು ಇದ್ದಾರೆ. ನೋಡೋಣ ಅಂದೆ. "ಮೊದಲು ದರ್ಶನ" ಅಂದಳು. ಹೊಳೆಗೆ ನಡೆದೆವು.

ದಡದಲ್ಲಿ ದೋಣಿ ಇತ್ತು, ದೋಣಿಯವನೂ ಇದ್ದ, ಜನ ಇರಲಿಲ್ಲ. ಇಲ್ಲಿಯ ಲೆಕ್ಕ ಅದು. ಟೈಮ್ ಟೇಬಲ್ ಅಂತ ಏನೂ ಇಲ್ಲ, ಒಂದಿಷ್ಟು ಜನ ಕೂಡಿದರೆ ಬಿಡುತ್ತಾರೆ. ಅವಸರ ಇದ್ದರೆ ಪೂರ್ತಿ ದೋಣಿಯ ದುಡ್ಡು ಕೊಡಬೇಕು. "ಕೂಡ್ತಾರ್ರಿ ಅವ್ವಾರ, ಈಗ ಗುಲ್ಬರ್ಗಾ ಗಾಡಿ ಬರ್ತೈತಿ" ಅಂದ. ಯಾರೋ ಫೋನ್ ಮಾಡಿ ಹೇಳಿರಬೇಕು. ಸ್ವಲ್ಪ ಹೊತ್ತಿಗೆ ನಿಜವಾಗಿಯೂ ಒಂದು ಟೆಂಪೋ ಬಂತು. ಅಜ್ಜಂದಿರು, ಮೊಮ್ಮಕ್ಕಳು, ಒಬ್ಬರು ಆಚಾರ್ಯರು. ಆಚಾರ್ಯರು ಎಲ್ಲರಿಗಿಂತ ಮೊದಲು ದೋಣಿ ಹತ್ತಿ ಒಳ್ಳೆ ಜಾಗ ಹಿಡಿದರು.

ಗಡ್ಡೆಗೆ ಈಗ ಮೋಟಾರ್ ದೋಣಿ. ಕೇಸರಿ ಬಣ್ಣದ ಲೈಫ್ ಜಾಕೆಟ್ ಕೊಟ್ಟರು. ಮೌಶಿ ಸೀರೆಯ ಮೇಲೆ ಅದನ್ನು ಹಾಕಿಕೊಳ್ಳೋಕೆ ಒಪ್ಪಲಿಲ್ಲ. ಮಡಿಗೆ ಬರೋದಿಲ್ಲವಂತೆ. ದೋಣಿಯವನು ಸುಮ್ನೆ ಎಂಜಿನ್ ಆಫ್ ಮಾಡಿ ಬೀಡಿ ಹಚ್ಚಿದ. ಹಾಕಿಕೊಳ್ಳುವ ತನಕ ಹೊರಡುವ ಲಕ್ಷಣ ಕಾಣಲಿಲ್ಲ. ಆಚಾರ್ಯರೇ "ಹಾಕ್ಕೋರಿ, ಪ್ರಾಣ ಇದ್ರ ಮಡಿ" ಅಂದ ಮೇಲೆ ಹಾಕಿಕೊಂಡಳು.

ದಾಟೋಕೆ ಹಿಡಿದದ್ದು ಕೆಲವೇ ನಿಮಿಷ. ನೀರು ಹಸಿರಾಗಿತ್ತು, ಸೆಳೆತ ಇರಲಿಲ್ಲ. ಬಂಡೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಮಳೆಗಾಲದಲ್ಲಿ ಇದೇ ಹೊಳೆಗೆ ಬೇರೆಯೇ ಮುಖ. ಮೇಲೆ ತುಂಗಭದ್ರಾ ಡ್ಯಾಮಿದೆ, 33 ಗೇಟು. ಅಲ್ಲಿ ಗೇಟು ಎತ್ತಿದರು ಅಂದರೆ ಇಲ್ಲಿ ದೋಣಿ ಬಂದ್. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಈ ದಡದ ಊರುಗಳಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ನೀರು ಜಾಸ್ತಿ ಬಿಟ್ಟ ವರ್ಷ ಗಡ್ಡೆಯೇ ಮುಳುಗಿ, ಪೂಜೆಗೆ ಹೋಗುವವರಿಗೂ ದಾರಿ ಇರೋದಿಲ್ಲ. ಹಾಗಾಗಿ ನವವೃಂದಾವನಕ್ಕೆ ಬರಬೇಕು ಅನ್ನುವವರು ಪಂಚಾಂಗ ನೋಡುವ ಮೊದಲು ಡ್ಯಾಮಿನ ಮಟ್ಟ ನೋಡುವುದು ಒಳ್ಳೇದು.

ಗಡ್ಡೆಯ ಮೇಲೆ ಊರಿಲ್ಲ, ಅಂಗಡಿಯಿಲ್ಲ. ಬಂಡೆ, ಮರಳು, ಮರ. ಕುಡಿಯುವ ನೀರು ನಾವೇ ಒಯ್ಯಬೇಕು. ದಡದಿಂದ ಸ್ವಲ್ಪ ನಡೆದರೆ ಬಯಲು, ಅದರಲ್ಲಿ ಒಂಬತ್ತು ವೃಂದಾವನಗಳು. ನಡುವೆ ವ್ಯಾಸರಾಜರದು. ಸುತ್ತ ಪದ್ಮನಾಭತೀರ್ಥರು, ಕವೀಂದ್ರತೀರ್ಥರು, ವಾಗೀಶತೀರ್ಥರು, ರಘುವರ್ಯತೀರ್ಥರು, ಶ್ರೀನಿವಾಸತೀರ್ಥರು, ರಾಮತೀರ್ಥರು, ಸುಧೀಂದ್ರತೀರ್ಥರು, ಗೋವಿಂದ ಒಡೆಯರು. ಎಲ್ಲಕ್ಕಿಂತ ಹಳೆಯದು ಪದ್ಮನಾಭತೀರ್ಥರದು. ಅವರು ಮಧ್ವಾಚಾರ್ಯರ ನೇರ ಶಿಷ್ಯರು, 1324ರಲ್ಲಿ ಹೋದವರು. ಆಗ ವಿಜಯನಗರ ಇನ್ನೂ ಹುಟ್ಟಿರಲಿಲ್ಲ. ವ್ಯಾಸರಾಜರು 1539ರಲ್ಲಿ ಹೋದವರು, ಕೃಷ್ಣದೇವರಾಯ ಗುರು ಅಂತ ಗೌರವಿಸಿದವರು, ಪುರಂದರದಾಸರಿಗೆ ದೀಕ್ಷೆ ಕೊಟ್ಟವರು. ಒಂದು ಸಾಮ್ರಾಜ್ಯ ಶುರುವಾಗುವ ಮೊದಲಿನವರೂ ಅದರ ರಾಜಧಾನಿ ಹಾಳಾದ ಮೇಲಿನವರೂ ಇಷ್ಟೇ ಜಾಗದಲ್ಲಿ ಕೂತಿದ್ದಾರೆ.

ವೃಂದಾವನಗಳ ಹತ್ತಿರಕ್ಕೆ ಹೋಗುವ ಹಾಗಿಲ್ಲ. ಸುತ್ತಲೂ ನೆಲದ ಮೇಲೆ ಗೆರೆ ಇದೆ, ಅದರ ಹೊರಗೇ ಪ್ರದಕ್ಷಿಣೆ. ಗಂಡಸರು ಅಂಗಿ ಬಿಚ್ಚಬೇಕು. ಬರಿಗಾಲಿಗೆ ಬೆಳಗ್ಗೆ ಕಲ್ಲು ತಣ್ಣಗಿತ್ತು, ಹತ್ತು ಗಂಟೆಯ ಮೇಲೆ ಕಾಯೋಕೆ ಶುರುವಾಯಿತು. ಮೌಶಿಗೆ ಅದರ ಪರಿವೆಯೇ ಇಲ್ಲ. ಸುಧೀಂದ್ರತೀರ್ಥರ ಎದುರಿಗೆ ಬಂದಾಗಲೆಲ್ಲ ನಿಂತು, ಕಣ್ಣು ಮುಚ್ಚಿ, ಏನೋ ಹೇಳಿ ಮುಂದೆ ಹೋಗುತ್ತಿದ್ದಳು. ರಾಯರ ವಿಷಯ ಅವರಿಗೆ ವರದಿ ಒಪ್ಪಿಸುತ್ತಿದ್ದಳೋ ಏನೋ.

ವ್ಯಾಸರಾಜರ ವೃಂದಾವನದ ಕಲ್ಲನ್ನು ನಾನು ಗೆರೆಯ ಈಚೆಯಿಂದಲೇ ತುಂಬಾ ಹೊತ್ತು ನೋಡಿದೆ. 2019ರ ಜುಲೈನಲ್ಲಿ ನಿಧಿ ಆಸೆಗೆ ಬಿದ್ದ ಕಳ್ಳರು ರಾತ್ರಿ ಬಂದು ಅದನ್ನು ಕಿತ್ತು ಅಗೆದಿದ್ದರು. ಸುದ್ದಿ ಕೇಳಿ ಬೇರೆ ಬೇರೆ ಮಠದ ಸ್ವಾಮಿಗಳು, ಭಕ್ತರು ಓಡಿ ಬಂದು ಕಲ್ಲು ಕಲ್ಲು ಹುಡುಕಿ ಮತ್ತೆ ಕಟ್ಟಿದರು. ಆರಾಧನೆ ಯಾರು ಯಾವ ದಿನ ಮಾಡಬೇಕು ಅಂತ ಕೋರ್ಟಿಗೆ ಹೋಗುವ ಮಠಗಳೂ ಆಗ ಒಂದೇ ಕಡೆ ನಿಂತಿದ್ದವು. ಸನ್ಯಾಸಿಯ ಸಮಾಧಿಯಲ್ಲಿ ಬಂಗಾರ ಇರುತ್ತದೆ ಅಂತ ನಂಬೋಕೆ ಎಂಥ ತಲೆ ಬೇಕು ಹೇಳಿ.

ದೋಣಿಯಲ್ಲಿ ಬರುವಾಗ ಟೆಂಪೋದವರಲ್ಲೊಬ್ಬರು, ಇಲ್ಲಿಗೊಂದು ಸೇತುವೆ ಆಗಬೇಕಿತ್ತು, ವಯಸ್ಸಾದವರಿಗೆ ಎಷ್ಟು ಅನುಕೂಲ ಅಲ್ವಾ ಅಂದರು. ನನಗೆ ಹಾಗನ್ನಿಸಲಿಲ್ಲ. ಸೇತುವೆ ಆದರೆ ಕಾರು ಬರುತ್ತದೆ, ಕಾರಿನ ಹಿಂದೆ ಮಿರ್ಚಿ ಬಂಡಿ ಬರುತ್ತದೆ, ವರ್ಷ ತುಂಬುವುದರೊಳಗೆ ಅಲ್ಲೊಂದು ಪಾರ್ಕಿಂಗ್ ಗುತ್ತಿಗೆ. ಜನ ವಾಸ ಇಲ್ಲದ ಗಡ್ಡೆ ಅದು. ದೋಣಿ ಇರಲಿ.

ತಳವಾರಘಟ್ಟದ ಮಾತು ಬೇರೆ. ಅಲ್ಲಿ ದಾಟುವವರಿಗೆ ಹೊಳೆ ನೋಡುವ ಆಸೆ ಏನಿಲ್ಲ. ಕೆಲಸಕ್ಕೆ, ಕಾಲೇಜಿಗೆ, ನೆಂಟರ ಮನೆಗೆ ಹೋಗುವವರು. ನಾವು ಅಲ್ಲಿಗೆ ಬಂದಾಗ ಮೋಟಾರ್ ದೋಣಿ ಆಚೆ ದಡದಲ್ಲಿತ್ತು. ಈಚೆಗೆ ಇದ್ದದ್ದು ತೆಪ್ಪ. ಮೌಶಿ ಅದನ್ನು ಬಗ್ಗಿ ನೋಡಿದಳು. "ಇದು ಬುಟ್ಟಿ ಅಲ್ಲೇನೋ?"

ಬುಟ್ಟಿಯೇ. ಬಿದಿರಿನ ಸೀಳುಗಳನ್ನು ದುಂಡಗೆ ಹೆಣೆದು, ಹೊರಗಡೆ ಪ್ಲಾಸ್ಟಿಕ್ ಚೀಲ ಸುತ್ತಿ, ಮೇಲೆ ಡಾಂಬರು ಬಳಿದಿರುತ್ತಾರೆ. ನಾವು ಕೂತದ್ದರ ಹೊರಮೈಯಲ್ಲಿ ಡಾಂಬರು ಹಾರಿದ ಕಡೆ ಗೊಬ್ಬರದ ಚೀಲದ ಅಕ್ಷರ ಕಾಣುತ್ತಿತ್ತು. ಯೂರಿಯಾ, 45 ಕೆ.ಜಿ. ತಳದಲ್ಲಿ ಬೆರಳು ಮುಳುಗುವಷ್ಟು ನೀರು, ಅದನ್ನು ಚೆಲ್ಲೋಕೆ ಅರ್ಧ ಕತ್ತರಿಸಿದ ಎಣ್ಣೆ ಡಬ್ಬಿ. 1520ರ ಆಸುಪಾಸಿನಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಗೆ ದಾಟುವ ಈ ದುಂಡು ದೋಣಿಗಳ ಬಗ್ಗೆ ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತು ಕೂಡ ದಾಟುತ್ತವೆ, ನೆಟ್ಟಗೆ ಹೋಗದೆ ತಿರುಗುತ್ತಲೇ ಹೋಗುತ್ತವೆ ಅಂತ. ಚರ್ಮ ಹೋಗಿ ಗೊಬ್ಬರದ ಚೀಲ ಬಂದಿದೆ, ಕುದುರೆ ಹೋಗಿ ಹೀರೋ ಹೊಂಡಾ ಬಂದಿದೆ. ಉಳಿದದ್ದು ಅವನು ಬರೆದ ಹಾಗೇ ಇದೆ.

"ಅವ್ವಾರ, ನಡುವ ಕುಂದರ್ರಿ. ಅಂಚಿಗೆ ಕೈ ಇಡಬ್ಯಾಡ್ರಿ" ಅಂದ ತೆಪ್ಪದವನು. ಒಂದೇ ಹುಟ್ಟು ಅವನ ಕೈಯಲ್ಲಿ. ಮುಂದುಗಡೆ ಕೂತು ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಹಾಗೆ ಎಳೆದರಷ್ಟೇ ತೆಪ್ಪ ನೆಟ್ಟಗೆ ಹೋಗುತ್ತದೆ. ಒಂದೇ ಕಡೆ ಎಳೆದರೆ ಗಿರಗಿರ. ಟೂರಿಸ್ಟರು ಬಂದರೆ ಬೇಕಂತಲೇ ಗಿರಗಿರ ತಿರುಗಿಸಿ ಕಿರುಚಿಸುತ್ತಾರೆ. ನಡು ಹೊಳೆಯಲ್ಲಿ ಅವನಿಗೆ ಅದೇನು ತಮಾಷೆ ಅನ್ನಿಸಿತೋ, ನಮಗೂ ಒಂದು ಸುತ್ತು ಹಾಕಿಸಿದ. ಮೌಶಿ ನನ್ನ ಮೊಣಕೈ ಹಿಡಿದು "ಏ, ದಡ ಎತ್ಲಾಗ ಹೋತೋ!" ಅಂತ ಕೂಗಿದಳು. ಜೊತೆಗಿದ್ದ ಕಾಲೇಜು ಹುಡುಗಿ ಫೋನಿನಿಂದ ತಲೆ ಎತ್ತಲೇ ಇಲ್ಲ. ಅವಳಿಗೆ ಇದು ಬಸ್ಸು.

ಆ ಹುಡುಗಿಯಂಥವರಿಗಾಗಿಯೇ ಇಲ್ಲಿ ಸೇತುವೆ ಕಟ್ಟೋಕೆ ಹೊರಟಿದ್ದರು. ಹಂಪಿ 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತ್ತು. ಇಲ್ಲೊಂದು, ಮೇಲ್ಗಡೆ ವಿರೂಪಾಪುರ ಗಡ್ಡೆ ಹತ್ತಿರ ಇನ್ನೊಂದು ತೂಗುಸೇತುವೆ ಎದ್ದದ್ದು ನೋಡಿ ಯುನೆಸ್ಕೊ 1999ರಲ್ಲಿ ಅಪಾಯದ ಪಟ್ಟಿಗೆ ಹಾಕಿತು. ಗಡ್ಡೆಯ ಸೇತುವೆ ಕಿತ್ತರು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಇಲ್ಲಿಯ ಸೇತುವೆ ಕೆಲಸ ಮುಂದುವರಿದಿತ್ತು. 2009ರ ಜನವರಿ 22ರಂದು ಅದು ಕುಸಿದು 8 ಕಾರ್ಮಿಕರು ಸತ್ತರು. ಆಮೇಲೆ ಇಲ್ಲಿ ಸೇತುವೆ ಆಗಲಿಲ್ಲ. ಕೆಳಗಡೆ ಕಡೆಬಾಗಿಲು–ಬುಕ್ಕಸಾಗರ ನಡುವೆ ಆಗಿದೆ, ಬಸ್ಸು ಕಾರು ಅಲ್ಲಿಂದ ಓಡಾಡುತ್ತವೆ. ಆದರೆ ಆನೆಗೊಂದಿಯವನಿಗೆ ಎದುರಿಗೇ ಕಾಣುವ ದಡಕ್ಕೆ ಹೋಗೋಕೆ ಅದು ಸುತ್ತು. ಹೊಳೆ, ತೆಪ್ಪ, ಬಂಡೆ ಎಲ್ಲ ಫೋಟೋದಲ್ಲಿ ಚಂದ ಕಾಣಬೇಕು ಅನ್ನುವವರು ರಾತ್ರಿ ಹೊತ್ತು ಬಸುರಿ ಹೆಂಗಸನ್ನು ಹೊಸಪೇಟೆ ಆಸ್ಪತ್ರೆಗೆ ಕರೆದೊಯ್ಯುವ ಮನೆಯವರ ಜೊತೆ ಒಮ್ಮೆ ಇರಬೇಕು.

ವಿರೂಪಾಪುರ ಗಡ್ಡೆಯ ಕಥೆ ಇನ್ನೂ ವಿಚಿತ್ರ. ಫಾರಿನ್ನಿನವರು ಬಂದು ತಿಂಗಳುಗಟ್ಟಲೆ ಇರುತ್ತಿದ್ದ ಜಾಗ. ಗುಡಿಸಲು, ಹೋಟೆಲು, ಬಾಡಿಗೆ ಬೈಕು. ಅವೆಲ್ಲ ಅಕ್ರಮ ಕಟ್ಟಡ ಅಂತ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮುಂದಿನ ತಿಂಗಳು ಜೆಸಿಬಿ ಬಂದು ರೆಸಾರ್ಟುಗಳನ್ನೆಲ್ಲ ನೆಲಸಮ ಮಾಡಿದವು.

ತಳವಾರಘಟ್ಟದಲ್ಲಿ ಇಳಿದ ಮೇಲೆ ಮೌಶಿ ಸ್ವಲ್ಪ ಹೊತ್ತು ಬಂಡೆ ಮೇಲೆ ಕೂತಳು. ನೀರು ಕುಡಿದು, ಬುತ್ತಿ ಬಿಚ್ಚಿ, ಅವಲಕ್ಕಿ ತಿಂದೆವು. ಆಮೇಲೆ ವಿಠ್ಠಲನ ಗುಡಿ ದಾಟಿ ಪುರಂದರ ಮಂಟಪಕ್ಕೆ ನಡೆದೆವು. ಮಳೆಗಾಲದಲ್ಲಿ ಪೇಪರಿನಲ್ಲಿ ತಪ್ಪದೆ ಬರುವ ಮಂಟಪ ಅದು. ಅದು ಮುಳುಗಿತು ಅಂದರೆ ನಮ್ಮ ಕಡೆಯವರಿಗೆ ಹೊಳೆ ಎಷ್ಟು ಬಂದಿದೆ ಅಂತ ಬೇರೆ ಹೇಳಬೇಕಾಗಿಲ್ಲ. ಈಗ ಒಣಗಿತ್ತು. ಕಂಬದ ಮೇಲಿನ ಕೆಸರಿನ ಗೆರೆ ನನ್ನ ತಲೆಗಿಂತ ಮೇಲಿತ್ತು. ಬೆಳಗ್ಗೆ ಗುರುಗಳನ್ನು ನೋಡಿ ಬಂದವಳು ಈಗ ಶಿಷ್ಯನ ಮಂಟಪದಲ್ಲಿ ಕೂತು, ದಾಸರ ಪದ ಒಂದನ್ನು ಸಣ್ಣ ದನಿಯಲ್ಲಿ ಪೂರ್ತಿ ಹೇಳಿದಳು.

ಅಲ್ಲಿಂದ ಹೊಳೆಯಲ್ಲಿ ಸಾಲಾಗಿ ನಿಂತ ಕಲ್ಲುಕಂಬಗಳು ಕಾಣುತ್ತವೆ. ವಿಜಯನಗರದವರು ಕಟ್ಟಿದ್ದ ಸೇತುವೆಯ ಕಂಬಗಳು. ಮೇಲಿನ ಹಾಸು ಯಾವತ್ತೋ ಹೋಗಿದೆ. "ಅಂದ್ರ ಆಗ ಸೇತುವೆ ಇತ್ತು, ಈಗ ಬುಟ್ಟಿ ಅದ" ಅಂದಳು ಮೌಶಿ. ನಾನೇನು ಹೇಳಲಿ?

ಕಮಲಾಪುರಕ್ಕೆ ಆಟೋ ಸಿಕ್ಕಿತು. ಅಲ್ಲಿಂದ ಹೊಸಪೇಟೆ, ಹೊಸಪೇಟೆಯಿಂದ ಅವಳಿಗೆ ರಾಯಚೂರು ಬಸ್ಸು. ದಾರಿಯಲ್ಲೇ ನಮ್ಮವ್ವನಿಗೆ ಫೋನ್ ಹಚ್ಚಿ ಎಲ್ಲ ವರದಿ ಮಾಡಿದಳು. ವೃಂದಾವನ, ಆಚಾರ್ಯರು, ಕಾದ ಕಲ್ಲು, ತಿರುಗಿದ ತೆಪ್ಪ. ವ್ಯಾಸರಾಜರ ಆರಾಧನೆಗೆ ಇಬ್ಬರೂ ಸೇರಿ ಬರೋಣ ಅಂತ ಅಲ್ಲೇ ನಿಕ್ಕಿ ಮಾಡಿದಳು. ಫೋನ್ ಇಡುವ ಮೊದಲು ಒಂದು ಮಾತು ಸೇರಿಸಿದಳು: "ಹಂಪಿಗೆ ಬುಕ್ಕಸಾಗರದ ಮ್ಯಾಲೆ ಕಾರಿನಾಗ ಹೋಗೋಣು. ನಿನ್ನ ಮಗ ಬುಟ್ಟಿ ಹತ್ತು ಅಂತಾನ, ಕೇಳಬ್ಯಾಡ."