ನಿಮ್ಮ ಬೆರಳಿಗೆ ಏನ್ ತಿಳೀತೈತಿ?

ಕಳೆದ ಮಂಗಳವಾರದಿಂದ ಒಂದೇ ಪ್ರಶ್ನೆ ನನ್ನ ಕಿವಿಯಲ್ಲಿ ಉಳಿದುಬಿಟ್ಟಿದೆ. "ಲಿವರ್ ಒತ್ತಿದಾಗ ನಿಮ್ಮ ಬೆರಳಿಗೆ ಏನ್ ತಿಳೀತೈತಿ, ಅದನ್ನಷ್ಟ ಹೇಳ್ರಿ ಅಕ್ಕಾರ." ಹೀಗೆ ಕೇಳಿದವರು ಧಾರವಾಡದ ಕಡೆಯ ಒಬ್ಬ ನಿವೃತ್ತ ಮೇಸ್ತ್ರಿ. ಅವರನ್ನು ನಾನು ಇಂದಿಗೂ ಮುಖತಃ ಕಂಡಿಲ್ಲ. ಕೇಳಿಸಿಕೊಂಡ ನಾನು ಕೊಡಗಿನ ಶನಿವಾರಸಂತೆ ಹೋಬಳಿಯ ನಮ್ಮ ಹಳ್ಳಿಯಲ್ಲಿ, ಸೋರುವ ಶೆಡ್ಡಿನೊಳಗೆ, ಎಡಗೈಯಲ್ಲಿ ಮೊಬೈಲ್ ಹಿಡಿದು, ಬಲಗೈ ಹೆಬ್ಬೆರಳನ್ನು ಟ್ರ್ಯಾಕ್ಟರಿನ ಫೀಡ್ ಪಂಪಿನ, ಅಂದರೆ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಣ್ಣ ಪಂಪಿನ ಮೇಲಿಟ್ಟು ನಿಂತಿದ್ದೆ.

ಪುಷ್ಯ ಮಳೆ ಹಿಡಿದು ಸುರಿಯುತ್ತಿತ್ತು. ಅಗೆ ಬಲಿತಿತ್ತು, ಶುಕ್ರವಾರದ ನಾಟಿಗೆ ಆಳುಗಳನ್ನು ಗೊತ್ತುಮಾಡಿ ಆಗಿತ್ತು, ಗದ್ದೆಗೆ ಮಾತ್ರ ಇನ್ನೂ ಎರಡನೆಯ ಉಳುಮೆ ಬಿದ್ದಿರಲಿಲ್ಲ. ಆ ವಾರ ನಮ್ಮ ಕಡೆ ಬಾಡಿಗೆಗೆ ಟಿಲ್ಲರ್ ಸಿಗುವುದು ಎಷ್ಟು ಕಷ್ಟವೆಂಬುದು ಗದ್ದೆ ಮಾಡುವವರಿಗೆಲ್ಲ ತಿಳಿದಿದೆ. ನಮ್ಮ ಮನೆಯಲ್ಲಿರುವುದು ಮ್ಯಾಸಿ ಫರ್ಗುಸನ್ 1035, ಸಿಂಪ್ಸನ್ ಕಂಪನಿಯ ಮೂರು ಸಿಲಿಂಡರಿನ ಎಂಜಿನ್. ಮಾವನವರು 1991ರಲ್ಲಿ ಹಳೆಯದನ್ನೇ ಕೊಂಡು ತಂದದ್ದು. ಅವರ ಮಂಡಿ ಕೈಕೊಟ್ಟ ಮೇಲೆ, ಯಜಮಾನರು ಕೆಲಸಕ್ಕೆಂದು ಬೆಂಗಳೂರಿನಲ್ಲೇ ಇರುವುದರಿಂದ, ಗದ್ದೆ, ತೋಟ, ಟ್ರ್ಯಾಕ್ಟರು ಮೂರೂ ನನ್ನ ಪಾಲಿಗೆ ಬಂದಿವೆ. ಆ ಟ್ರ್ಯಾಕ್ಟರು ಭಾನುವಾರದಿಂದ ಸ್ಟಾರ್ಟ್ ಆಗುವುದಕ್ಕೆ ಸತಾಯಿಸಿ, ಆದರೂ ಐದು ನಿಮಿಷ ಓಡಿ, ಉಸಿರು ಕಟ್ಟಿದಂತೆ ನಿಂತುಬಿಡುತ್ತಿತ್ತು.

ಸೋಮವಾರದ ದಿನ, ಪೇಟೆಯಿಂದ ಬಂದ ಮೆಕ್ಯಾನಿಕ್ ನಮ್ಮ ಡ್ರೈವರ್ ಹುಡುಗನನ್ನು ಎರಡು ಮಾತು ಕೇಳಿದರು, ಹುಡುಗ ಲಿವರನ್ನು ಹತ್ತಿಪ್ಪತ್ತು ಸಲ ಒತ್ತಿ "ಡೀಸೆಲ್ ಎತ್ತುತ್ತಲೇ ಇಲ್ಲ" ಎಂದ, ಅವರು ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ದೊಡ್ಡ ಪಂಪೇ ಹೋಗಿದೆ, ಬಿಚ್ಚಿ ಮೈಸೂರಿಗೆ ಕಳಿಸಬೇಕು, ಹದಿನೈದು ಸಾವಿರವಾದರೂ ಆಗುತ್ತದೆ, ವಾರ ಹಿಡಿಯುತ್ತದೆ ಎಂದು ಹೇಳಿ ಹೊರಟರು. ಅವರು ಮೋಸ ಮಾಡಲು ಬಂದವರೆಂದು ನಾನು ಹೇಳುವುದಿಲ್ಲ, ಆ ದಿನ ಅವರಿಗಾಗಿ ಇನ್ನೂ ನಾಲ್ಕು ಮನೆಗಳವರು ಕಾಯುತ್ತಿದ್ದರು. ಆದರೆ ಅವರು ಎಂಜಿನ್ನಿಗೆ ಕೈ ತಾಗಿಸಲಿಲ್ಲ, ಮತ್ತು ಟ್ರ್ಯಾಕ್ಟರಿನ ಒಡತಿ ಎದುರಿಗೇ ನಿಂತಿದ್ದರೂ ಅಷ್ಟು ಹೊತ್ತೂ ಹುಡುಗನ ಮುಖ ನೋಡಿಯೇ ಮಾತಾಡಿದರು. ಅದು ನನಗೆ ಹಣದ ಮಾತಿಗಿಂತ ಹೆಚ್ಚು ನೋವಾಯಿತು. ಸಂಜೆ ಫೋನಿನಲ್ಲಿ ನನ್ನ ಮೈದುನ, "ಅತ್ತಿಗೆ, ಆ ಗುಜರಿಯನ್ನು ಇನ್ನೂ ಎಷ್ಟು ವರ್ಷ ಸಾಕುತ್ತೀರಿ, ಕೊಟ್ಟುಬಿಡಿ" ಎಂದ. ಅವನು ಒಳ್ಳೆಯವನೇ, ಆದರೆ ಗದ್ದೆಗೆ ಇಳಿದು ಹನ್ನೆರಡು ವರ್ಷವಾಗಿದೆ.

ಧಾರವಾಡದ ಮೇಸ್ತ್ರಿಯ ನಂಬರನ್ನು ಕೊಟ್ಟವರು ನಮ್ಮಲ್ಲಿಗೆ ಬರುವ ಶುಂಠಿ ವ್ಯಾಪಾರಿ. ಡೀಸೆಲ್ ಪಂಪಿನ ಕೆಲಸದಲ್ಲಿ ಮೂವತ್ತು ವರ್ಷ ಕಳೆದ ಆ ಮೇಸ್ತ್ರಿ, ಈಗ ದಿನಾ ಬೆಳಿಗ್ಗೆ ಆರರಿಂದ ಎಂಟರವರೆಗೆ, ಹಳೆಯ ಟ್ರ್ಯಾಕ್ಟರ್ ಇಟ್ಟುಕೊಂಡವರು ಯಾರೇ ಕೇಳಿದರೂ ಮೊಬೈಲಿನಲ್ಲಿಯೇ ರಿಪೇರಿ ಹೇಳಿಕೊಡುತ್ತಾರೆ. ಕರೆಂಟ್ ಹೋಗಿ ಎರಡು ದಿನವಾಗಿತ್ತು, ಶೆಡ್ಡಿನ ಬಾಗಿಲ ಬಳಿ ಮಾತ್ರ ಸಿಗ್ನಲ್ ಎರಡು ಗೆರೆ ಸಿಗುತ್ತಿತ್ತು. ವಿಡಿಯೊ ತಡೆದು ತಡೆದು ಬರುತ್ತಿದ್ದುದರಿಂದ ಅವರೇ, "ಚಿತ್ರ ಬ್ಯಾಡ, ಮಾತು ಸಾಕು. ಅವಸರ ಮಾಡಬ್ಯಾಡ್ರಿ" ಎಂದರು. ನಾನು "ಸರ್" ಎಂದಾಗಲೆಲ್ಲ, "ಮೇಸ್ತ್ರಿ ಅನ್ರಿ, ಅದು ನಾ ದುಡಿದು ಗಳಿಸಿದ ಹೆಸರು" ಎಂದು ತಿದ್ದಿದರು.

ಡೀಸೆಲ್ ಫಿಲ್ಟರಿನ ಮೇಲಿನ, ಒಳಗೆ ಸೇರಿದ ಗಾಳಿಯನ್ನು ಹೊರಬಿಡುವ ಏರ್ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಲು ಹೇಳಿದರು. ಆಮೇಲೆ ಫೀಡ್ ಪಂಪಿನ ಕೈ ಲಿವರ್ ಒತ್ತಲು ಹೇಳಿದರು. ಒತ್ತಿದೆ. ಆಗಲೇ ಅವರು ಆ ಪ್ರಶ್ನೆ ಕೇಳಿದ್ದು. ನಾನು ಡೀಸೆಲ್ ಬರುತ್ತಿಲ್ಲ ಎಂದೆ. "ಡೀಸೆಲ್ ಮಾತು ಆಮ್ಯಾಲ. ನಿಮ್ಮ ಬೆರಳಿಗೆ ಏನ್ ತಿಳೀತೈತಿ?" ಎಂದು ಮತ್ತೆ ಕೇಳಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಒತ್ತಿ ನೋಡಿದೆ. ಏನೂ ತಿಳಿಯಲಿಲ್ಲ, ಹರಿದ ಚೀಲದ ಬಾಯಿಯಂತೆ ಲಿವರ್ ಸುಮ್ಮನೆ ಅತ್ತಿತ್ತ ಹೋಗುತ್ತಿತ್ತು. ಹಾಗೆಯೇ ಹೇಳಿದೆ. "ಶಾಣ್ಯಾರದೀರಿ" ಎಂದರು. "ಗಾಡಿನ ಟಾಪ್ ಗೇರಿಗೆ ಹಾಕಿ, ಒಂದ್ ಗೇಣು ಮುಂದ ತಳ್ಳಸ್ರಿ. ಗೇಣು ಅಂದ್ರ ಗೇಣಷ್ಟ."

ಆ ಗೇಣಿನ ಲೆಕ್ಕವನ್ನು ಅವರು ಆಮೇಲೆ ಬಿಡಿಸಿ ಹೇಳಿದರು. ಫೀಡ್ ಪಂಪಿನ ತೋಳನ್ನು ಒತ್ತುವುದು ಎಂಜಿನ್ನಿನ ಒಳಗಿರುವ ಕ್ಯಾಮ್, ಅಂದರೆ ತಿರುಗುವ ದಂಡದ ಮೇಲಿನ ಒಂದು ಉಬ್ಬುಬಿಲ್ಲೆ. ಎಂಜಿನ್ ನಿಂತಾಗ ಕ್ಯಾಮಿನ ಉಬ್ಬು ಆ ತೋಳನ್ನು ಒತ್ತಿಹಿಡಿದೇ ನಿಂತಿದ್ದರೆ, ಒಳಗಿನ ಡಯಾಫ್ರಾಮ್, ಅಂದರೆ ಡೀಸೆಲ್ ಎಳೆಯುವ ತೆಳು ಪೊರೆ, ಆಗಲೇ ಪೂರ್ತಿ ಎಳೆದುಕೊಂಡಿರುತ್ತದೆ, ಕೈ ಲಿವರಿಗೆ ಎಳೆಯಲು ಏನೂ ಉಳಿದಿರುವುದಿಲ್ಲ. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಶಾಫ್ಟ್ ಒಂದೇ ಸುತ್ತು ತಿರುಗುವುದರಿಂದ, ಕ್ರ್ಯಾಂಕನ್ನು ಒಂದು ಸುತ್ತು ತಿರುಗಿಸಿದರೆ ಉಬ್ಬು ಸರಿಯಾಗಿ ಎದುರು ಬದಿಗೆ ಹೋಗುತ್ತದೆ. ಟಾಪ್ ಗೇರಿನಲ್ಲಿ ಟ್ರ್ಯಾಕ್ಟರು ಒಂದು ಗೇಣು ಮುಂದೆ ಸರಿದರೆ ಕ್ರ್ಯಾಂಕ್ ಹೆಚ್ಚುಕಡಿಮೆ ಅಷ್ಟೇ ತಿರುಗುತ್ತದೆ. ಹುಡುಗನೂ ಪಕ್ಕದ ಮನೆಯವರಿಬ್ಬರೂ ಭುಜ ಕೊಟ್ಟು ತಳ್ಳಿದರು. ಮತ್ತೆ ಲಿವರ್ ಒತ್ತಿದೆ. ಈ ಸಲ ಒಳಗಿನಿಂದ ಒಂದು ಸ್ಪ್ರಿಂಗ್ ನನ್ನ ಹೆಬ್ಬೆರಳನ್ನು ಮೆಲ್ಲಗೆ ಹಿಂದಕ್ಕೆ ನೂಕಿತು. ಮೂವತ್ತು ವರ್ಷಕ್ಕೂ ಮಿಕ್ಕಿ ನಮ್ಮ ಅಂಗಳದಲ್ಲಿ ನಿಂತಿರುವ ಯಂತ್ರ, ಮೊದಲ ಬಾರಿಗೆ ನನ್ನೊಡನೆ ಮಾತಾಡಿದಂತಾಯಿತು.

ಆದರೂ ಐವತ್ತು ಸಲ ಒತ್ತಿದರೆ ಸ್ಕ್ರೂವಿನ ಬಳಿ ಬಂದದ್ದು ಬರೀ ನೊರೆ. ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಎಂಜಿನ್ ಆಯಿಲ್ ನೋಡುವ ಕಡ್ಡಿಯನ್ನು ಎಳೆಯಲು ಹೇಳಿದರು. ಆಯಿಲ್ ಮೇಲಿನ ಗೆರೆಯನ್ನು ದಾಟಿ ಒಂದು ಬೆರಳಿನಷ್ಟು ಮೇಲಿತ್ತು. ಹಾಕದೆ ಆಯಿಲ್ ಹೆಚ್ಚುವುದುಂಟೇ? ತೊಟ್ಟನ್ನು ಬೆರಳಿನಲ್ಲಿ ಉಜ್ಜಿ ಮೂಸಲು ಹೇಳಿದರು. ತೆಳ್ಳಗಿತ್ತು, ಡೀಸೆಲ್ ವಾಸನೆ ಮೂಗಿಗೆ ಹೊಡೆಯಿತು. "ಸಿಕ್ತು ನೋಡ್ರಿ. ಡಯಾಫ್ರಾಮ್ ಹರದೈತಿ, ಡೀಸೆಲ್ ಮ್ಯಾಲ ಹೋಗೂದು ಬಿಟ್ಟು ಕೆಳಗ ಆಯಿಲಿನ್ಯಾಗ ಇಳದೈತಿ. ಇನ್ನ ಎಂಜಿನ್ ಚಾಲೂ ಮಾಡಬ್ಯಾಡ್ರಿ, ಬೇರಿಂಗ್ ತಿಂತೈತಿ." ಮೈಸೂರಿಗೆ ಹೋಗಬೇಕಾಗಿದ್ದ ದೊಡ್ಡ ಪಂಪಿಗೆ ಯಾವ ರೋಗವೂ ಇರಲಿಲ್ಲ. ಬೇಕಾದದ್ದು ಅಂಗೈ ಅಗಲದ ಒಂದು ಡಯಾಫ್ರಾಮ್, ಹೊಸ ಆಯಿಲ್, ಆಯಿಲ್ ಫಿಲ್ಟರ್. ಡಯಾಫ್ರಾಮಿಗೆ ಐನೂರು ರೂಪಾಯಿ ಕೂಡ ಆಗಲಿಲ್ಲ.

ಈ ವಾರವೆಲ್ಲ ನಾನು ಯೋಚಿಸುತ್ತಿರುವುದು ಉಳಿದ ಹಣದ ವಿಚಾರವನ್ನಲ್ಲ. ನೂರಾರು ಕಿಲೋಮೀಟರ್ ಆಚೆ ಕುಳಿತ ಒಬ್ಬರು, ನೋಡಲಾಗದ ಎಂಜಿನ್ನನ್ನು ನೋಡಲು ನನ್ನ ಬೆರಳನ್ನೂ ಮೂಗನ್ನೂ ನಂಬಿದರು. ನನಗೆ ಗೊತ್ತಿರಲಿಕ್ಕಿಲ್ಲ ಎಂದುಕೊಂಡು ಹುಡುಗನಿಗೆ ಫೋನ್ ಕೊಡಿ ಎನ್ನಲಿಲ್ಲ. ಬಲ್ಲವರು ಬಹಳ ಮಂದಿ ಇದ್ದಾರೆ. ತಾವು ಬಲ್ಲದ್ದನ್ನು ಎದುರಿನವರ ಕೈಗೆ ದಾಟಿಸಬಲ್ಲವರು ಕಡಿಮೆ, ಅದನ್ನು ದಿನಾ ಎರಡು ಗಂಟೆ ಬಿಡಿಗಾಸು ಮುಟ್ಟದೆ ಮಾಡುವವರನ್ನು ನಾನು ಬೇರೆ ಕಂಡಿಲ್ಲ.

ಅವರಿಗೆ ಕರೆ ಮಾಡುವವರಲ್ಲಿ ಎಚ್‌ಎಂಟಿ ಟ್ರ್ಯಾಕ್ಟರಿನವರು ಬಹಳ ಮಂದಿಯಂತೆ. 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಶುರುವಾದ ಆ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಕಂಪನಿ ಮುಚ್ಚಿದರೂ ಟ್ರ್ಯಾಕ್ಟರುಗಳು ಹೊಲದಲ್ಲಿವೆ, ಅವುಗಳನ್ನು ನಂಬಿದ ಮನೆಗಳೂ ಇವೆ. ಅವರು ಯಾರ ಬಾಗಿಲು ತಟ್ಟಬೇಕು? ನಮ್ಮ ಕೊಡಗಿನಲ್ಲಿ ಗದ್ದೆಗಳು ಒಂದೊಂದಾಗಿ ಪಾಳು ಬೀಳುತ್ತಿರುವುದನ್ನು ಕಣ್ಣಾರೆ ಕಾಣುತ್ತಿದ್ದೇವೆ. ಆಳು ಸಿಗುವುದಿಲ್ಲ, ಆನೆ ಬಿಡುವುದಿಲ್ಲ, ಭತ್ತಕ್ಕೆ ಹಾಕಿದ್ದು ಹುಟ್ಟುವುದಿಲ್ಲ ಎಂದು ಕಾರಣ ಹೇಳುತ್ತೇವೆ, ಅವೆಲ್ಲ ನಿಜವೇ. ಆದರೆ ಎರಡು ಎಕರೆ ಗದ್ದೆಯವರು ಹೊಸ ಟ್ರ್ಯಾಕ್ಟರಿನ ಕಂತು ಕಟ್ಟಲಾರರು, ಹಳೆಯದು ನಾಟಿಯ ವಾರದಲ್ಲಿ ಕೆಟ್ಟು ನಿಂತರೆ ಆ ವರ್ಷ ಗದ್ದೆ ಬಿಡುತ್ತಾರೆ, ಒಮ್ಮೆ ಬಿಟ್ಟ ಗದ್ದೆಗೆ ಮತ್ತೆ ಇಳಿಯುವುದು ಅಪರೂಪ. ಒಂದು ಡಯಾಫ್ರಾಮಿನ ಹರಕಿನಿಂದಲೂ ಗದ್ದೆ ಪಾಳು ಬೀಳಬಹುದೆಂದು ನನಗೆ ಹೊಳೆದದ್ದು ಈ ವಾರ. ಸ್ಪ್ಯಾನರ್ ಹಿಡಿದವರು ಬಿಚ್ಚಿ ಜೋಡಿಸಬಹುದಾದಂತೆ ಮಾಡಿದ ಯಂತ್ರಗಳು ಇವು. ಬಿಚ್ಚುವ ಬಗೆಯನ್ನು ಬಲ್ಲವರಿಗೆ ಈಗ ವಯಸ್ಸಾಗುತ್ತಿದೆ.

ಬುಧವಾರ ಸಂಜೆ ಡಯಾಫ್ರಾಮ್ ಹಾಕಿ, ಆಯಿಲ್ ಬದಲಿಸಿ, ಅವರು ಹೇಳಿದ ಕ್ರಮದಲ್ಲೇ ಮೊದಲು ಫಿಲ್ಟರಿನ, ಆಮೇಲೆ ಪಂಪಿನ, ಕೊನೆಗೆ ನಾಜಲ್ ಪೈಪುಗಳ ಏರ್ ತೆಗೆದೆವು. ಈ ಸಲ ಎಲ್ಲ ಸ್ಕ್ರೂಗಳನ್ನೂ ಬಿಗಿ ಮಾಡಿದವಳು ನಾನೇ. ಸೆಲ್ಫ್ ಹೊಡೆದ ಮೂರನೆಯ ಸಲಕ್ಕೆ ಎಂಜಿನ್ ಹಿಡಿಯಿತು. ಒಳಗಿದ್ದ ಮಾವನವರು ಕೋಲೂರಿಕೊಂಡು ಮಳೆಯಲ್ಲೇ ಶೆಡ್ಡಿಗೆ ಬಂದು, ಏನೂ ಹೇಳದೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತರು. ಮೇಸ್ತ್ರಿಗೆ ಫೋನ್ ಮಾಡಿದಾಗ, ಮೊಬೈಲನ್ನು ಎಂಜಿನ್ನಿನ ಹತ್ತಿರ ಹಿಡಿಯಲು ಹೇಳಿ, ಎರಡು ನಿಮಿಷ ಮಾತಿಲ್ಲದೆ ಕೇಳಿಸಿಕೊಂಡರು. "ಮೂರೂ ಸಿಲಿಂಡರ್ ಸಮ ಉಣ್ಣಾಕತ್ತಾವ. ಗದ್ದೀಗೆ ಹೋಗ್ರಿ."

ಹಣ ಕಳಿಸಲು ನಂಬರ್ ಕೇಳಿದೆ, ಕೊಡಲಿಲ್ಲ. "ರೊಕ್ಕ ಬ್ಯಾಡ. ಹರದ ಡಯಾಫ್ರಾಮ್ ಒಗೀಬ್ಯಾಡ್ರಿ. ಬೆಳಕಿಗೆ ಹಿಡದು ಒಂದ್ ಫೋಟೊ ಕಳಸ್ರಿ, ಮುಂದ ಕೇಳಿದವರಿಗೆ ತೋರಸಾಕ ಬೇಕು" ಎಂದರು. ಶುಕ್ರವಾರ ಸಂಜೆ ನಾಟಿಯವರು ಹೋದ ಮೇಲೆ, ಅದನ್ನು ಡೀಸೆಲ್ಲಿನಲ್ಲಿ ತೊಳೆದು ಕಿಟಕಿಗೆ ಹಿಡಿದೆ. ನಡುವಿನ ವಾಷರಿನ ಅಂಚಿನಲ್ಲಿ, ಉಗುರಿನಿಂದ ಗೀರಿದಂತೆ ಒಂದು ಸಣ್ಣ ಬಿರುಕು. ಅದರೊಳಗಿನಿಂದ ಮಳೆಗಾಲದ ಮಂಕು ಬೆಳಕು ಎಳೆಯಾಗಿ ಕಾಣುತ್ತಿತ್ತು. ಫೋಟೊ ತೆಗೆದು ಕಳಿಸಿದೆ. ಸಿಗ್ನಲ್ ಸಿಕ್ಕಿ ಅದು ಹೋಗುವಾಗ ರಾತ್ರಿ ಒಂಬತ್ತಾಗಿತ್ತು. ಬೆಳಿಗ್ಗೆ ಆರು ಗಂಟೆಗೆ ಅವರ ಧ್ವನಿ ಬಂದಿತ್ತು: "ಫೋಟೊ ಚಲೋ ಬಂದೈತಿ. ಎಷ್ಟು ಗದ್ದಿ ಆತ್ರಿ ಅಕ್ಕಾರ, ಇನ್ನ ಎಷ್ಟು ಉಳದಾವು?"

ಮೂರು ಆಗಿವೆ, ಎರಡು ಉಳಿದಿವೆ ಎಂದು ಬರೆದು ಕಳಿಸಿ, ಗದ್ದೆಗೆ ಹೊರಟೆ.