ಗುಮಟೆ, ಕಾಫಿ ಒಲೆ, ಹಲಸಿನ ಬೀಜ: ಜಗಲಿ ಕೂಟದ ಐದನೇ ವರದಿ

ಕಳೆದ ಶನಿವಾರದ ಕೂಟ ಅರ್ಧ ಗೆದ್ದಿತು, ಅರ್ಧ ಸೋತಿತು. ಗೆದ್ದದ್ದರಲ್ಲಿ ನನ್ನ ಪಾಲು ಕಡಿಮೆ, ಸೋತದ್ದರಲ್ಲಿ ಹೆಚ್ಚು. ಅದನ್ನು ಬರೆದು ಮುಗಿಸಿ ಮುಂದಿನ ಮೂರು ತಿಂಗಳ ಹಾಡು, ವಾದನಗಳ ಸುದ್ದಿಗೆ ಬರುತ್ತೇನೆ.

ಹೊಸಬರಿಗಾಗಿ ಎರಡು ಮಾತು. ಮಂಗಳೂರಿನ ಬಿಜೈ ಕಡೆಯ ಒಂದು ಹಳೆಯ ಹಂಚಿನ ಮನೆಯ ಜಗಲಿಯಲ್ಲಿ ತಿಂಗಳಿಗೊಂದು ಶನಿವಾರ ಸಂಜೆ, ಊರಿನ ಹಾಡು ಬಲ್ಲವರೂ ಕಲಿಯಬೇಕೆನ್ನುವವರೂ ಸೇರುತ್ತೇವೆ. ಮೊದಲ ಒಂದು ಗಂಟೆ ಕರೆಸಿದವರ ಹಾಡು, ನಡುವೆ ಕಾಫಿ, ಆಮೇಲೆ ಎಲ್ಲರೂ ಕೂಡಿ ಹಾಡುವುದು, ಬಾರಿಸುವುದು. ಉಪಾಯ ನಮ್ಮದಲ್ಲ. ಅಮೆರಿಕದ ಜನಪದ ಹಾಡುಗಾರರಲ್ಲಿ ಬಹಳ ಮಂದಿ ಇಂಥ ಕಾಫಿಹೌಸುಗಳಲ್ಲೇ ಬೆಳೆದವರು. ನ್ಯೂಯಾರ್ಕ್ ರಾಜ್ಯದ ಸರಟೋಗಾ ಸ್ಪ್ರಿಂಗ್ಸ್‌ನಲ್ಲಿ 1960ರಲ್ಲಿ ತೆರೆದ ಕೆಫೆ ಲೀನಾ ಇಂದಿಗೂ ನಡೆಯುತ್ತಿದೆ. ಅಲ್ಲೆಲ್ಲ ಟಿಕೆಟ್ಟಿನ ಬದಲು ಟೋಪಿ ಸುತ್ತಿಸುವ ರೂಢಿ ಇತ್ತೆಂದು ಓದಿ, ನಾವು ಮೊದಲ ಕೂಟದಲ್ಲಿ ಅಡಿಕೆ ಹಾಳೆಯ ಮುಟ್ಟಾಳೆಯೊಂದನ್ನು ಸುತ್ತಿಸಿದೆವು. ನಮ್ಮ ಜಾಣತನಕ್ಕೆ ನಾವೇ ಹಿಗ್ಗಿದ್ದೂ ಆಯಿತು. ಕೂಟ ಮುಗಿದ ಮೇಲೆ ಹಿರಿಯರೊಬ್ಬರು ನನ್ನನ್ನು ಬದಿಗೆ ಕರೆದು, "ಗದ್ದೆಯಲ್ಲಿ ದುಡಿಯುವಾಗ ನಾವು ತಲೆಗೆ ಇಡುವುದು ಅದು. ಅದರಲ್ಲಿ ಚಿಲ್ಲರೆ ಎತ್ತಬೇಡಿ ಮಾರಾಯರೇ" ಎಂದರು. ಎರಡನೇ ಕೂಟದಿಂದ ಗೆರಸೆ ಇಟ್ಟಿದ್ದೇವೆ. ತುಳುವರ ಮಳೆಗಾಲದ ತಿಂಗಳು ಆಟಿಯಲ್ಲಿ ಕಳಂಜನ ವೇಷ ಅಂಗಳಕ್ಕೆ ಬಂದಾಗ ಅಕ್ಕಿ, ತೆಂಗಿನಕಾಯಿ ಕೊಡುವುದೂ ಗೆರಸೆಯಲ್ಲೇ ತಾನೇ? ಫ್ಯಾನಿನ ಗಾಳಿಗೆ ನೋಟು ಹಾರುತ್ತದೆ ಎಂಬುದೊಂದೇ ತೊಂದರೆ. ಅದಕ್ಕೂ ಒಂದು ತೆಂಗಿನಕಾಯಿ ಸಾಕು.

ಇನ್ನು ಗುಮಟೆ. ನಾನು ಕಲಿಯತೊಡಗಿ ಹತ್ತು ತಿಂಗಳಾಯಿತು. ಅದು ಎರಡು ಕಡೆ ಬಾಯಿರುವ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಹಿಂದಿನ ಸಣ್ಣ ಬಾಯಿ ತೆರೆದೇ ಇರುತ್ತದೆ. ಬಲಗೈ ಚರ್ಮದ ಮೇಲೆ, ಎಡ ಅಂಗೈ ಸಣ್ಣ ಬಾಯಿಯ ಮೇಲೆ. ಅಂಗೈ ಮುಚ್ಚಿ ತೆರೆದಂತೆ ನಾದ ಗುಂಯ್ ಎಂದು ಮೇಲೇಳುತ್ತದೆ, ಕುಗ್ಗುತ್ತದೆ. ಬಲಗೈ ನನಗೆ ಮೂರು ತಿಂಗಳಲ್ಲಿ ಒಲಿಯಿತು, ಎಡಗೈ ಇನ್ನೂ ಒಲಿದಿಲ್ಲ. ಬಾರಕೂರು ಕಡೆಯ ಕುಡುಬಿ ಸಮುದಾಯದವರ ಹೋಳಿ ಕುಣಿತಕ್ಕೆ ಗುಮಟೆ ಬೇಕೇ ಬೇಕು. ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲೂ ಗುಮಟೆಯ ಹಾಡುಗಳಿವೆ. ಗೋವಾ ಸರಕಾರವಂತೂ 2019ರಲ್ಲಿ ಇದನ್ನು ತನ್ನ ಪಾರಂಪರಿಕ ವಾದ್ಯವೆಂದು ಘೋಷಿಸಿತು. ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಉಡಕ್ಕೆ ರಕ್ಷಣೆ ಇರುವುದರಿಂದ ಈಗ ಆಡಿನ ಚರ್ಮ. ಉಡದ ಚರ್ಮದ ನಾದವೇ ಬೇರೆ ಎಂದು ಹಳಬರು ನಿಟ್ಟುಸಿರು ಬಿಡುತ್ತಾರೆ. ನಾನು ಕೇಳಿಲ್ಲ, ಕೇಳುವ ಆಸೆಯೂ ಇಲ್ಲ.

ಆಡಿನ ಚರ್ಮಕ್ಕೂ ಕರಾವಳಿಯ ಮಳೆಗಾಲಕ್ಕೂ ಎಣ್ಣೆ ಸೀಗೆಕಾಯಿ. ಗಾಳಿಯ ತೇವ ಹೀರಿ ಸಡಿಲವಾದ ಗುಮಟೆ ಒದ್ದೆ ರಟ್ಟು ತಟ್ಟಿದ ಸದ್ದು ಮಾಡುತ್ತದೆ. ಕಳೆದ ಕೂಟದ ಸಂಜೆ ಐದಕ್ಕೆ ನನ್ನ ಗುಮಟೆಯೂ ಉಳ್ಳಾಲದಿಂದ ಬಂದ ಹುಡುಗರ ಎರಡು ದಫ್‌ಗಳೂ ಒಟ್ಟಿಗೆ ಮುಷ್ಕರ ಹೂಡಿದವು. ಯಾರೋ ಹೇರ್ ಡ್ರೈಯರ್ ತಂದರು. ಚರ್ಮ ಮೇಲೆ ಮೇಲೆ ಬಿಸಿಯಾಗಿ ಎರಡೇ ನಿಮಿಷಕ್ಕೆ ಮತ್ತೆ ಸಪ್ಪೆ. ಆಗ ಹಿತ್ತಿಲ ಸೌದೆ ಒಲೆಯಲ್ಲಿ ಡಿಕಾಕ್ಷನ್‌ಗೆ ನೀರು ಕಾಯಿಸುತ್ತಿದ್ದ ಮನೆಯಾಕೆ "ಒಂತೆ ಬೆಚ್ಚ ಮಲ್ಪುಲೆ" (ಸ್ವಲ್ಪ ಬಿಸಿ ಮಾಡಿ) ಎಂದು ಒಲೆಯತ್ತ ಕಣ್ಣು ಮಾಡಿದರು.

ತೆಂಗಿನ ಗೆರಟೆಯ ಕೆಂಡ. ಕೆಂಡದಿಂದ ಒಂದು ಮೊಳ ದೂರ ಹಿಡಿದು, ರೊಟ್ಟಿ ತಿರುವಿದಂತೆ ಮಡಕೆಯನ್ನು ನಿಧಾನವಾಗಿ ತಿರುಗಿಸುತ್ತಾ ಇದ್ದೆ. ನಡುವೆ ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು. ಮೊದಲು ದಪ್, ಆಮೇಲೆ ದುಂ, ಏಳನೇ ನಿಮಿಷದ ಹೊತ್ತಿಗೆ ಟಣ್. ಅಷ್ಟಕ್ಕೇ ಎತ್ತಬೇಕು, ದುರಾಸೆ ಪಟ್ಟರೆ ಚರ್ಮ ಬಿರಿಯುತ್ತದೆ. ಆ ಬಿಸಿ ಇಪ್ಪತ್ತು ನಿಮಿಷ ಬಾಳುತ್ತದೆ. ಹೀಗಾಗಿ ಒಂದು ವಾದ್ಯ ಜಗಲಿಯಲ್ಲಿ, ಒಂದು ಒಲೆಯ ಬುಡದಲ್ಲಿ ಎಂದು ಸರದಿ ಹಾಕಿಕೊಂಡೆವು. ಕಾಫಿಗೆ ಗ್ಯಾಸ್ ಸಾಕು ಎಂದು ವಾದಿಸಿದ್ದವನು ನಾನೇ. ವಾದ ಹಿಂದಕ್ಕೆ ಪಡೆದಿದ್ದೇನೆ.

ಗೆದ್ದ ಅರ್ಧ ಇದು. ಸೋತದ್ದು ಪಾಡ್ದನದಲ್ಲಿ, ಅಂದರೆ ತುಳುವಿನ ಕಥೆಹಾಡಿನಲ್ಲಿ.

ಅಂದು ಕರೆಸಿದ್ದು ಬೆಳ್ತಂಗಡಿ ಕಡೆಯ ಒಬ್ಬ ಅಕ್ಕನನ್ನು. ಎಪ್ಪತ್ತು ದಾಟಿದ್ದಾರೆ, ಮಳೆಗಾಲದ ಏಣೆಲು ಬೇಸಾಯದಲ್ಲಿ ನೇಜಿ (ಭತ್ತದ ಸಸಿ) ನೆಡುತ್ತಾ ಕಲಿತ ಹಾಡುಗಳು. ಭೂತಕೋಲದಲ್ಲಿ ತೆಂಬರೆ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಹೇಳುವ ಪಾಡ್ದನಗಳನ್ನು ಜಗಲಿಗೆ ತರುವುದಿಲ್ಲವೆಂದು ಮೊದಲ ದಿನವೇ ತೀರ್ಮಾನಿಸಿದ್ದೆವು. ಅವುಗಳ ಜಾಗ ಬೇರೆ. ಗದ್ದೆಯ ಹಾಡುಗಳಿಗೆ ಅಡ್ಡಿಯಿಲ್ಲ ಎಂದು ಅಕ್ಕನೇ ಹೇಳಿದ್ದರು. ಕುರ್ಚಿ ಬೇಡವೆಂದರು, ಮೈಕನ್ನು ಪಕ್ಕಕ್ಕೆ ಸರಿಸಿದರು, ಕಾಫಿ ಲೋಟವನ್ನು ಹೊಸ್ತಿಲಾಚೆ ಇಟ್ಟು ನೆಲದ ಮೇಲೆ ಕುಳಿತು ಶುರು ಮಾಡಿದರು. ಮೂರನೇ ಸಾಲಿಗೇ ನನ್ನ ಕೈ ತುರಿಸಿತು. ಆಗಷ್ಟೇ ಬಿಸಿಯಾದ ಗುಮಟೆ ಬೇರೆ. ಮೆಲ್ಲಗೆ ಹೊಂದಿಸುತ್ತಿದ್ದೇನೆ ಎಂದುಕೊಂಡೇ ಬಾರಿಸತೊಡಗಿದೆ. ನನ್ನ ಧೈರ್ಯ ನೋಡಿ ಗಿಟಾರಿನ ಹುಡುಗನೂ ಸೇರಿದ. ಅವನ ನಾಲ್ಕು ಪೆಟ್ಟಿನ ಲೆಕ್ಕ ಎಲ್ಲವನ್ನೂ ಎಳೆದು ಒಂದು ಹಳಿಗೆ ಕೂರಿಸಿತು. ಅಕ್ಕ ಎರಡು ಸಾಲು ನಮ್ಮೊಡನೆ ಓಡಿದರು, ಮೂರನೆಯದರಲ್ಲಿ ಹಿಂದೆ ಬಿದ್ದರು, ಆಮೇಲೆ ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡರು. ಜನ ಹಾಡು ಮುಗಿಯಿತೆಂದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಇನ್ನೂ ಕಿವಿಯಲ್ಲಿದೆ.

ಹೊರಡುವಾಗ ಕ್ಷಮೆ ಕೇಳಿದೆ. ಅವರಿಗೆ ಸಿಟ್ಟೇನೂ ಇರಲಿಲ್ಲ. "ಕೈಯಲ್ಲಿ ನೇಜಿ ಇರುವಾಗ ಡೋಲು ಬಡಿಯುವುದು ಯಾರು ಮಗಾ? ಕೈಯ ಕೆಲಸವೇ ಹಾಡಿಗೆ ತಾಳ" ಎಂದರು.

1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಮತ್ತು ನಮ್ಮ ವಿದ್ವಾಂಸರ ತಂಡ ಹಾಡುಗಾರ ಗೋಪಾಲ ನಾಯ್ಕರಿಂದ ಸಿರಿ ಎಂಬಾಕೆಯ ದೀರ್ಘ ತುಳು ಪಾಡ್ದನವನ್ನು ಹಾಡಿಸಿ ದಾಖಲಿಸಿಕೊಂಡಿತು. ಆರು ದಿನ, 15,683 ಸಾಲು. ಕೇಳಲು ಕುಳಿತವರು ಕೇಳಿದರು. ನನಗೆ ಮೂರು ಸಾಲು ಸುಮ್ಮನಿರಲು ಆಗಲಿಲ್ಲ.

ಅಕ್ಕನ ಮಾತು ಹಿಡಿದು ಮೊನ್ನೆ ಭಾನುವಾರ ಒಂದು ಪ್ರಯೋಗ ಮಾಡಿದೆವು. ಮೂಡಬಿದಿರೆಯ ಹತ್ತಿರ ಅವರ ತಂಗಿಯ ಮನೆಗೆ ಐದು ಮಂದಿ ಹೋದೆವು, ವಾದ್ಯಗಳಿಲ್ಲದೆ. ಬೇಸಿಗೆಯಲ್ಲಿ ಮಣ್ಣು ಮೆತ್ತಿ ಇಟ್ಟ ಹಲಸಿನ ಬೀಜಗಳನ್ನು ತೊಳೆದು ರಾಶಿ ಹಾಕಿದ್ದರು. ಎಲ್ಲರಿಗೂ ಒಂದೊಂದು ಚೂರಿ. ಅಕ್ಕ ಬೀಜದ ಬೆನ್ನಿಗೆ ಗೀರು ಹಾಕುತ್ತಾ ಒಂದು ಸಾಲು ಹೇಳಿದರು, ತಂಗಿ ಬಿಳಿ ಸಿಪ್ಪೆ ಎಳೆಯುತ್ತಾ ಅದೇ ಸಾಲನ್ನು ಹಿಡಿದರು, ಸುಲಿದ ಬೀಜ ಪಾತ್ರೆಗೆ ಬಿತ್ತು. ಮತ್ತೆ ಒಂದು ಸಾಲು. ಹತ್ತು ನಿಮಿಷ ನಾವು ಬೆರಳು ಉಳಿಸಿಕೊಳ್ಳುವುದರಲ್ಲೇ ಇದ್ದೆವು. ಆಮೇಲೆ ಗಮನಿಸಿದರೆ, ಯಾರೂ ಹೇಳದೆಯೇ ನಾವೆಲ್ಲ ತಂಗಿಯ ಜೊತೆ ಸಾಲು ಹಿಡಿಯುತ್ತಿದ್ದೇವೆ. ಬೀಜ ಗಟ್ಟಿ ಬಂದರೆ ಹಾಡು ಒಂದಿಷ್ಟು ಕಾಯುತ್ತದೆ, ಸಲೀಸಾಗಿ ಸುಲಿದರೆ ಮುಂದೆ ಹೋಗುತ್ತದೆ. ಗಿಟಾರಿನ ಹುಡುಗನ ಧ್ವನಿ ಇಷ್ಟು ಚೆನ್ನಾಗಿದೆ ಎಂದು ನನಗೆ ಗೊತ್ತಾದದ್ದೇ ಅಂದು.

ಇನ್ನು ಮುಂದಿನವು.

ಆಟಿಯ ಕೂಟಕ್ಕೆ ಮತ್ತೆ ಅಕ್ಕನೇ, ಜೊತೆಗೆ ತಂಗಿ. ಮೊದಲ ಗಂಟೆಯಲ್ಲಿ ವಾದ್ಯ ಮುಟ್ಟುವಂತಿಲ್ಲ, ಎಲ್ಲರೂ ಬೀಜ ಸುಲಿಯಬೇಕು. ಕಾಫಿಯ ಜೊತೆ ಪತ್ರೊಡೆ. ಆಟಿ ಎಂದ ಮೇಲೆ ಹಾಲೆ ಮರದ ಕಷಾಯವೂ ಇರಲಿ ಎಂದು ಒಬ್ಬರು ಸೂಚಿಸಿದ್ದಾರೆ. ಅದು ಅಮಾವಾಸ್ಯೆಯ ಮುಂಜಾನೆ ಖಾಲಿ ಹೊಟ್ಟೆಗೆ ಕುಡಿಯುವಂಥದ್ದು, ಸಂಜೆ ಕೊಟ್ಟರೆ ಆ ಕಹಿಗೆ ಜನ ಮುಂದಿನ ತಿಂಗಳು ಬರಲಿಕ್ಕಿಲ್ಲ. ಕಾಫಿಯ ನಂತರ ಗುಮಟೆ ಮತ್ತು ದಫ್, ಒಲೆಯ ಸರದಿಯಂತೆ. ಮಳೆ ಜೋರಾದರೆ ಹಂಚಿನ ಸದ್ದೇ ಗೆಲ್ಲುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಇಲ್ಲಿ ಹಂಚಿನ ಕಾರ್ಖಾನೆ ಹಾಕಿದಾಗ ಇದನ್ನು ಯೋಚಿಸಿರಲಿಕ್ಕಿಲ್ಲ.

ಆಟಿಯ ಮುಂದಿನ ತಿಂಗಳು ಸೋಣದಲ್ಲಿ ವೊವಿಯೊ. ಕೊಂಕಣಿ ಕ್ರೈಸ್ತರ ಮದುವೆಯ ಮುನ್ನಾದಿನ, ರೋಸ್ ಶಾಸ್ತ್ರದಲ್ಲಿ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವಾಗ ಹೆಂಗಸರು ಹೇಳುವ ಹಾಡುಗಳಿವು. ಇಲ್ಲೂ ಒಬ್ಬರು ಮುಂದೆ, ಉಳಿದವರು ಹಿಂದೆ. ಇಲ್ಲೂ ಕೈ ಖಾಲಿ ಇಲ್ಲ. ಹಾಡಲಿರುವವರು ಸೆಪ್ಟೆಂಬರ್ 8ರ ಮೊಂತಿ ಹಬ್ಬ (ಕ್ರೈಸ್ತರ ಹೊಸ ತೆನೆಯ ಹಬ್ಬ) ಮುಗಿಯದೆ ತಲೆ ಎತ್ತಲಾಗದು ಎಂದಿದ್ದಾರೆ, ಆದ್ದರಿಂದ ಹಬ್ಬದ ನಂತರದ ಶನಿವಾರ. ಭಾನುವಾರ ಏಕೆ ಬೇಡ ಎಂದು ಕೇಳುವವರಿಗೆ: ಶಕ್ತಿನಗರದ ಕಲಾಂಗಣದಲ್ಲಿ ಕೊಂಕಣಿ ಸಾಂಸ್ಕೃತಿಕ ಸಂಸ್ಥೆ ಮಾಂಡ್ ಸೊಭಾಣ್‌ನವರ ತಿಂಗಳ ವೇದಿಕೆ ಇರುವುದು ಮೊದಲ ಭಾನುವಾರ, ನಮ್ಮವರಲ್ಲಿ ಅರ್ಧ ಜನ ಅಲ್ಲಿರುತ್ತಾರೆ.

ನವರಾತ್ರಿಯ ಮುಂಚಿನ ಕೂಟಕ್ಕೆ ಹುಲಿವೇಷದ ತಾಸೆ (ಕಡ್ಡಿಯಿಂದ ಬಡಿಯುವ ಚರ್ಮವಾದ್ಯ) ಬಾರಿಸುವ ಹುಡುಗರು ಒಪ್ಪಿದ್ದಾರೆ. ತಾಸೆಯನ್ನು ಜಗಲಿಯಲ್ಲಿ ಬಾರಿಸಿದರೆ ಹಂಚು ಉಳಿಯದು. ಅಂಗಳದಲ್ಲಿ, ಎಂಟು ಗಂಟೆಯೊಳಗೆ ಎಂದು ನೆರೆಮನೆಯವರ ಜೊತೆ ಮಾತಾಗಿದೆ.

ಲೆಕ್ಕ: ಗೆರಸೆಗೆ ಬಿದ್ದದ್ದು 2,340 ರೂಪಾಯಿ. ಅಕ್ಕನ ಗೌರವಧನ, ಬಸ್ಸು ಮತ್ತು ರಿಕ್ಷಾ, ಹಾಲು, ಕಾಫಿಪುಡಿ ಕಳೆದು ಉಳಿದದ್ದು 90. ಅದರಲ್ಲಿ ಒಂದು ಮೂಟೆ ಗೆರಟೆ ಸಿಗಬಹುದೆಂದು ನೋಡುತ್ತಿದ್ದೇನೆ. ಮನೆಯಲ್ಲಿ ಬೀಜ ಉಳಿದಿರುವವರು ತನ್ನಿ, ಮೂರು ಸೇರಾದರೂ ಬೇಕು.

ನಿನ್ನೆ ಗಿಟಾರಿನ ಹುಡುಗ ಫೋನ್ ಮಾಡಿ, "ಆಟಿಯ ಕೂಟಕ್ಕೆ ನಾನೇನು ತರಲಿ ಅಣ್ಣ?" ಎಂದು ಕೇಳಿದ.

ಚೂರಿ ತಾ ಎಂದೆ.