ಕಲಿಯೋಕೆ ಬಂದವರು ನಿಲ್ಲಲಿ ಅಂತ: ಮೂರನೇ ತಿಂಗಳು

ದಾವಣಗೆರೆಯಲ್ಲಿ ನಮ್ಮದು ಸ್ಕೂಲ್ ಯೂನಿಫಾರ್ಮ್ ಹೊಲಿಯುವ ಸಣ್ಣ ಯೂನಿಟ್, ಇಪ್ಪತ್ತಮೂರು ಜನ. ಹೋದ ಸೀಸನ್‌ಗೆ ಒಂಬತ್ತು ಹುಡುಗಿಯರನ್ನು ಕಲಿಯೋಕೆ ಸೇರಿಸಿಕೊಂಡಿದ್ದೆ. ಮೊದಲ ಸಂಬಳ ಆಗಿ ವಾರದೊಳಗೆ ಆರು ಜನ ಬಿಟ್ಟರು. ಈ ಸಲ ಹೊಸಬರನ್ನು ಕರೆಯೋ ಮುಂಚೆ, ಬಿಟ್ಟವರಿಗೆ ಫೋನ್ ಮಾಡಿ ಕಾರಣ ಕೇಳಿದೆ.

ಒಬ್ಬಳು ಅಂದಳು: "ಅಕ್ಕಾ, ಹನ್ನೆರಡು ಸಾವಿರ ಅಂದಿದ್ರಿ, ಹತ್ತು ಸಾವಿರ ಚಿಲ್ಲರೆ ಬಂತು. ಮೋಸ ಮಾಡ್ಯಾರೆ, ಹೋಗಬ್ಯಾಡ ಅಂದ್ರು ಅಪ್ಪ."

12,000ದಲ್ಲಿ ಪಿ.ಎಫ್‌ಗೆ ಶೇ 12, ಅಂದರೆ 1,440. ಕಾರ್ಮಿಕರ ಆರೋಗ್ಯ ವಿಮೆ ಇ.ಎಸ್.ಐಗೆ ಶೇ 0.75, ಅಂದರೆ 90. ಕೈಗೆ 10,470. ಲೆಕ್ಕ ಸರಿಯೇ, ಬಾಯಿಬಿಟ್ಟು ಹೇಳದೇ ಇದ್ದದ್ದು ನನ್ನ ತಪ್ಪು. ಈಗ ಸೇರುವ ದಿನವೇ ಮನೆಯವರನ್ನೂ ಕೂರಿಸಿಕೊಂಡು ಹಾಳೆ ಮೇಲೆ ಬರೆದು ತೋರಿಸ್ತೀನಿ. ಪಿ.ಎಫ್‌ಗೆ ನಾವೂ ಅಷ್ಟೇ ಕಟ್ತೀವಿ ಅಂದಾಗ ಅಪ್ಪಂದಿರ ಮುಖ ಸಡಿಲಾಗುತ್ತೆ.

ಇನ್ನೊಬ್ಬಳ ಮಾತು ಕೇಳಿ ಹೊಟ್ಟೆ ಚುರ್ ಅಂತು. ಎರಡನೇ ದಿನಕ್ಕೇ ಅವಳನ್ನು, ಸಾಲಾಗಿ ಕೂತು ಒಬ್ಬೊಬ್ಬರು ಒಂದೊಂದು ಭಾಗ ಹೊಲಿದು ಮುಂದೆ ಕೊಡೋ ಲೈನ್‌ಗೆ ಹಾಕಿದ್ದೆವು. ದಾರ ಪದೇ ಪದೇ ಕಟ್ ಆಗಿ, ಹಿಂದೆ ಬಂಡಲ್ ರಾಶಿ ಬಿದ್ದು, ಯಾರನ್ನು ಕೇಳಬೇಕೋ ತಿಳಿಯದೆ ಅತ್ತಿದ್ದಳಂತೆ. ನನಗೆ ಗೊತ್ತೇ ಇರಲಿಲ್ಲ.

ಹಾಗಾಗಿ ಈಗ ಎರಡು ವಾರ ಟಾರ್ಗೆಟ್ ಇಲ್ಲ. ನಾವೆಲ್ಲ ದೊಡ್ಡಮ್ಮ ಅನ್ನೋ ಹಿರಿಯ ಟೈಲರ್ ಪಕ್ಕದಲ್ಲೇ ಹೊಸಬರ ಜಾಗ. ಮೊದಲ ದಿನ ದಾರವಿಲ್ಲದ ಸೂಜಿಯಲ್ಲಿ ಗೆರೆ ಹಾಳೆ ಮೇಲೆ ಓಡಿಸೋದು, ಕಾಲಿನ ಹದ ಬರೋವರೆಗೆ. ಆಮೇಲೆ ಬಾಬಿನ್, ಅಂದರೆ ಸೂಜಿಯ ಕೆಳಗೆ ಕೂರೋ ದಾರದ ಉರುಳೆ. ಅದನ್ನಿಟ್ಟ ಕೇಸನ್ನು ದಾರ ಹಿಡಿದು ತೂಗುಬಿಡಬೇಕು. ತಾನಾಗೇ ಸರ್ರನೆ ಇಳಿದರೆ ಸಡಿಲ, ಜಾಡಿಸಿದರೂ ಇಳಿಯದಿದ್ದರೆ ಬಿಗಿ. ಮೆಲ್ಲಗೆ ಜಾಡಿಸಿದಾಗ ಚೂರು ಇಳಿದು ನಿಂತರೆ ಸರಿ. ಮೊನ್ನೆ ಒಬ್ಬಳು ತಾನೇ ಸ್ಕ್ರೂ ತಿರುಗಿಸಿ ಸರಿ ಮಾಡಿ "ದೊಡ್ಡಮ್ಮಾ, ನಿಂತ್ತು ನೋಡು" ಅಂತ ಕೂಗಿದಳು. ಇಡೀ ಲೈನ್ ತಿರುಗಿ ನೋಡ್ತು.

ಬಸ್ಸಿನದು ಸಣ್ಣ ವಿಷಯ ಅಂದುಕೊಂಡಿದ್ದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯ ಹುಡುಗಿಯರು ಸರ್ಕಾರಿ ಬಸ್ಸಿಗೇ ಕಾಯ್ತಾರೆ. ಖಾಸಗಿ ಬಸ್ಸು ಮುಂಚೆ ಬಂದರೂ ಹತ್ತಲ್ಲ. ದಿನದ ಬಸ್ ಚಾರ್ಜ್ ಉಳಿಯೋದು ಅವರಿಗೆ ಸಣ್ಣದಲ್ಲ. ಒಂಬತ್ತರ ಹಾಜರಿಯನ್ನು ಒಂಬತ್ತೂಕಾಲಿಗೆ ತಂದೆ. ಸೂಪರ್‌ವೈಸರ್ ಇನ್ನೂ ಒಪ್ಪಿಲ್ಲ.

ಈ ಸಲ ಸೇರಿದ್ದು ಆರು ಜನ, ಉಳಿದಿರೋದು ಐದು. ಒಬ್ಬಳಿಗೆ ಮದುವೆ ಗೊತ್ತಾಯ್ತು. ಸೋಮವಾರ ಇನ್ನಿಬ್ಬರು ಬರ್ತಾರೆ; ದೊಡ್ಡಮ್ಮನ ಪಕ್ಕದ ಮಷಿನ್‌ಗೆ ಎಣ್ಣೆ ಬಿಟ್ಟು, ಹೊಸ ಸೂಜಿ ಹಾಕಿಟ್ಟಿದ್ದೀನಿ.